ಗ್ರೀಕ್ ಅಕ್ಷರದ ಹಳೆಯ ಕ್ರೈಸ್ತ ಸಮಾಧಿಕಲ್ಲನ್ನು ಓದುವುದು ಹೇಗೆ?

ರೋಮ್, ಅಥೆನ್ಸ್, ಇಸ್ತಾಂಬುಲ್ ಕಡೆ ಪ್ರವಾಸ ಹೋದವರು ಮ್ಯೂಸಿಯಂಗಳಲ್ಲಿ ಪ್ರತಿಮೆಗಳ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ಗೋಡೆಗೆ ಸಾಲಾಗಿ ಹಾಕಿರುವ ಸಮಾಧಿಕಲ್ಲುಗಳ ಹತ್ತಿರ ಬಂದಾಗ ಮಾತ್ರ ಹೆಜ್ಜೆ ಜೋರಾಗುತ್ತದೆ. ಅಕ್ಷರ ಬರಲ್ಲ, ಪಕ್ಕದ ಫಲಕದಲ್ಲಿ ಒಂದು ಸಾಲಿಗಿಂತ ಜಾಸ್ತಿ ಇರಲ್ಲ, ಏನು ನೋಡೋದು ಅಂತ. ನಿಜ ಹೇಳಬೇಕೆಂದರೆ, ಹಳೆಯ ಶಾಸನಗಳ ಪೈಕಿ ಹೊಸಬರಿಗೆ ಸುಲಭವಾಗಿ ದಕ್ಕುವುದು ಈ ಕಲ್ಲುಗಳೇ. ಗ್ರೀಕ್ ವ್ಯಾಕರಣ ಕಲಿಯದೆಯೇ ಇವುಗಳಲ್ಲಿ ಅರ್ಧಕ್ಕರ್ಧ ಓದಬಹುದು. 24 ಅಕ್ಷರ, ಒಂದು ಹತ್ತು ಹದಿನೈದು ಪದ, ಸ್ವಲ್ಪ ಕೂಡುವ ಕಳೆಯುವ ಲೆಕ್ಕ. ಅಷ್ಟು ಸಾಕು.

ಇಲ್ಲಿ ಹೇಳುತ್ತಿರುವುದು ಸುಮಾರು ಕ್ರಿ.ಶ. 2ನೇ ಶತಮಾನದ ಕೊನೆಯಿಂದ 6-7ನೇ ಶತಮಾನದವರೆಗಿನ ಕಲ್ಲುಗಳ ಬಗ್ಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಲ್ಲು ಕಂಡ ಕೂಡಲೇ ಶಿಲುಬೆ ಹುಡುಕಬೇಡಿ. ಹೆಚ್ಚಿನವರು ಹಾಗೆ ಶುರು ಮಾಡಿಯೇ ದಾರಿ ತಪ್ಪುತ್ತಾರೆ. ಊರು, ಅಕ್ಷರ, ಹೆಸರು, ತಾರೀಖು ಮೊದಲು. ಧರ್ಮದ ಪ್ರಶ್ನೆ ಕೊನೆಗೆ.

ಮೊದಲು ಊರು ಕೇಳಿ

ಕಲ್ಲು ಸಿಕ್ಕ ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರತಿ ಪ್ರಾಂತ್ಯಕ್ಕೂ ಅದರದೇ ರೂಢಿ ಇತ್ತು.

ರೋಮ್ ನಗರದ ನೆಲದಡಿಯ ಸಮಾಧಿಗಳಾದ ಕ್ಯಾಟಕೂಂಬ್‌ಗಳಲ್ಲಿ ಗೋಡೆ ಕೊರೆದು ಶವ ಇಡುತ್ತಿದ್ದರು. ಆ ಗೂಡಿನ ಬಾಯಿ ಮುಚ್ಚಿದ ಅಮೃತಶಿಲೆಯ ಹಲಗೆ ಅಥವಾ ಹಂಚಿನ ಮೇಲೆ ಹೆಸರು ಬರೆಯುತ್ತಿದ್ದರು, ಕೆಲವೊಮ್ಮೆ ಬರೀ ಕೆಂಪು ಬಣ್ಣದಲ್ಲಿ. ರೋಮ್‌ನಲ್ಲಿ ಗ್ರೀಕ್ ಯಾಕೆ ಅನ್ನಿಸಬಹುದು. ಅಲ್ಲಿನ ಮೊದಲ ಕ್ರೈಸ್ತರಲ್ಲಿ ಪೂರ್ವದಿಂದ ಬಂದು ನೆಲೆಸಿದವರು ಬಹಳ. 3ನೇ ಶತಮಾನದಲ್ಲೂ ಅಲ್ಲಿನ ಬಿಷಪ್‌ಗಳ ಸಮಾಧಿಗೆ ಗ್ರೀಕ್‌ನಲ್ಲೇ ಬರೆಸುತ್ತಿದ್ದರು.

ಈಗಿನ ಟರ್ಕಿಯ ಒಳನಾಡಾದ ಫ್ರಿಜಿಯಾದಲ್ಲಿ ಬಾಗಿಲಿನ ಆಕಾರದ ಕಲ್ಲುಗಳು ಸಿಗುತ್ತವೆ. ಅದರ ಮೇಲೆ ನೇಗಿಲು, ಎತ್ತು, ನೂಲುವ ಕದಿರು, ಕನ್ನಡಿ ಎಲ್ಲ ಕೆತ್ತಿರುತ್ತಾರೆ. ಅದೇ ದೇಶದ ದಕ್ಷಿಣ ಕರಾವಳಿಯ ಕೋರಿಕೋಸ್‌ನಲ್ಲಿ, ಅಂದರೆ ಈಗಿನ ಕಿಜ್‌ಕಲೆಸಿಯಲ್ಲಿ, ಕಲ್ಲಿನ ಶವಪೆಟ್ಟಿಗೆಗಳೇ ಜಾಸ್ತಿ. ಜೋರ್ಡಾನಿನ ಮೃತ ಸಮುದ್ರದ ದಕ್ಷಿಣ ತುದಿಯಲ್ಲಿರುವ ಜೊವಾರಾದಲ್ಲಿ ಮರಳುಕಲ್ಲಿನ ಚಿಕ್ಕ ಹಲಗೆಗಳು, ಕೊರೆದ ಅಕ್ಷರಕ್ಕೆ ಕೆಂಪು ಬಣ್ಣ. ಈಜಿಪ್ಟಿನಲ್ಲಿ ಗ್ರೀಕ್ ಮತ್ತು ಕೋಪ್ಟಿಕ್ ಎರಡೂ ಬರುತ್ತವೆ. ಅಕ್ಷರ ಹೆಚ್ಚುಕಮ್ಮಿ ಒಂದೇ, ಭಾಷೆ ಬೇರೆ. ಪದ ಒಂದೂ ಗುರುತು ಸಿಗದಿದ್ದರೆ ಅದು ಕೋಪ್ಟಿಕ್ ಇರಬಹುದು.

ಅಕ್ಷರ: ಇಂಗ್ಲಿಷ್ ಕಣ್ಣು ಮೋಸ ಮಾಡುತ್ತದೆ

ಇಲ್ಲಿ ನಿಧಾನವಾಗಿ ಹೋಗೋಣ. ಗ್ರೀಕ್ ದೊಡ್ಡಕ್ಷರಗಳಲ್ಲಿ ಸುಮಾರು ಅರ್ಧ ಇಂಗ್ಲಿಷಿನ ಹಾಗೇ ಕಾಣುತ್ತವೆ. ತೊಂದರೆ ಬರುವುದೇ ಅಲ್ಲಿ. ಪಿ ಆಕಾರ ಕಂಡರೆ ಅದು ರ. ಎಚ್ ಆಕಾರ ಕಂಡರೆ ದೀರ್ಘ ಏ. ನಂತರದ ಕಾಲದಲ್ಲಿ ಅದನ್ನು ಈ ಎಂದು ಉಚ್ಚರಿಸತೊಡಗಿದರು. ಎಕ್ಸ್ ಆಕಾರ ಖ. ವೈ ಆಕಾರ ಉ. ಅತಿ ಮುಖ್ಯವಾದದ್ದು ಸ. ಪಠ್ಯಪುಸ್ತಕದಲ್ಲಿ ಸಿಗ್ಮಾ ಅಂತ ನಾಲ್ಕು ಗೆರೆಯ ಮೂಲೆ ಮೂಲೆ ಅಕ್ಷರ ತೋರಿಸುತ್ತಾರೆ. ಈ ಕಲ್ಲುಗಳಲ್ಲಿ ಅದು ಅಪರೂಪ. ಅರ್ಧಚಂದ್ರದ ಹಾಗಿರುವ ಇಂಗ್ಲಿಷ್ ಸಿ ಆಕಾರವೇ ಇಲ್ಲಿ ಸ. ಗಂಡಸರ ಹೆಸರು ಹೆಚ್ಚಾಗಿ ಓಸ್ ಅಂತ ಮುಗಿಯುವುದರಿಂದ, ಒಂದು ಸೊನ್ನೆ, ಅದರ ಪಕ್ಕ ಅರ್ಧಚಂದ್ರ ಕಂಡ ಕಡೆ ಬೆರಳಿಡಿ. ಅಲ್ಲಿ ಒಂದು ಪದ ಮುಗಿದಿರುವ ಸಾಧ್ಯತೆ ಜಾಸ್ತಿ.

ಪದಗಳ ನಡುವೆ ಜಾಗ ಬಿಡುವುದಿಲ್ಲ. ಸಾಲು ಮುಗಿದರೆ ಪದವನ್ನು ಅಲ್ಲೇ ಕತ್ತರಿಸಿ ಕೆಳಗೆ ಮುಂದುವರಿಸುತ್ತಾರೆ. ಹಾಗಾಗಿ ಸಾಲಿಗೆ ಬೆಲೆ ಕೊಡದೆ ಎಲ್ಲ ಅಕ್ಷರವನ್ನೂ ಕನ್ನಡದಲ್ಲಿ ಒಂದೇ ಉದ್ದಕ್ಕೆ ಬರೆದುಕೊಳ್ಳಿ. ಆಮೇಲೆ ಬಾಯಿಬಿಟ್ಟು ಓದಿ. ಕಣ್ಣಿಗೆ ಕಾಣದ ಪದ ಕಿವಿಗೆ ಸಿಗುತ್ತದೆ.

ಅಭ್ಯಾಸಕ್ಕೆ ಒಳ್ಳೆಯ ಕಲ್ಲು ರೋಮ್‌ನ ಸಂತ ಕ್ಯಾಲಿಸ್ಟಸ್ ಕ್ಯಾಟಕೂಂಬ್‌ನಲ್ಲಿದೆ. ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ ಎಂಬ ಪುರಾತತ್ವಜ್ಞ 1854ರಲ್ಲಿ ಅಲ್ಲಿ ಪೋಪ್‌ಗಳ, ಅಂದರೆ ರೋಮ್‌ನ ಬಿಷಪ್‌ಗಳ, ಸಮಾಧಿ ಕೋಣೆಯನ್ನು ಪತ್ತೆ ಮಾಡಿದ. 250ರ ಜನವರಿಯಲ್ಲಿ, ಚಕ್ರವರ್ತಿ ಡೀಸಿಯಸ್ ಕಾಲದ ಹಿಂಸೆಯಲ್ಲಿ ಸತ್ತ ಪೋಪ್ ಫೇಬಿಯನ್‌ನ ಕಲ್ಲು ಅಲ್ಲಿಯದು. ಮೊದಲ ಅಕ್ಷರ ಸೊನ್ನೆಯ ನಡುವೆ ನಿಂತ ಗೆರೆ, ಅದು ಫ. ಮುಂದೆ ಆ, ಬ, ಇ, ಆ, ನ, ಒ, ಅರ್ಧಚಂದ್ರದ ಸ. ಫಾಬಿಯಾನೋಸ್. ಆಮೇಲೆ ಎ, ಪ, ಇ ಎಂಬ ಮೂರೇ ಅಕ್ಷರ. ಎಪಿಸ್ಕೊಪೋಸ್, ಅಂದರೆ ಬಿಷಪ್ ಅನ್ನುವುದರ ಚಿಕ್ಕ ರೂಪ. ಕೊನೆಗೆ ಒಂದಕ್ಕೊಂದು ಅಂಟಿದ ಕೂಡಕ್ಷರ ಇದೆ. ಅದು ಮಾರ್ತುಸ್, ಅಂದರೆ ಹುತಾತ್ಮ. ಈ ಕೂಡಕ್ಷರವನ್ನು ಚೆನ್ನಾಗಿ ನೋಡಿ. ಉಳಿದ ಅಕ್ಷರಗಳಿಗಿಂತ ತೆಳ್ಳಗೆ ಕೊರೆದಿದೆ. ಕಲ್ಲು ಹಾಕಿದ ಮೇಲೆ ಯಾರೋ ಸೇರಿಸಿದ್ದು. ಒಂದೇ ಕಲ್ಲಿನಲ್ಲಿ ಎರಡು ಕೈ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ಅದೇ ಕೋಣೆಯಲ್ಲಿ ಪೋಪ್ ಲೂಸಿಯಸ್‌ನ ಕಲ್ಲೂ ಇದೆ. ಅವನ ಹೆಸರನ್ನು ಲೂಕಿಸ್ ಅಂತಷ್ಟೇ ಬರೆದಿದ್ದಾರೆ. ಬಿಷಪ್ ಆದರೂ ಕಾಗುಣಿತಕ್ಕೆ ವಿನಾಯಿತಿ ಇಲ್ಲ!

ಅಕ್ಷರದ ನೆತ್ತಿಯ ಮೇಲೆ ಅಡ್ಡಗೆರೆ ಕಂಡರೆ ಅಲ್ಲಿ ನಿಲ್ಲಿ. ಅದು ಬಹುಮಟ್ಟಿಗೆ ಎರಡರಲ್ಲಿ ಒಂದು. ಒಂದೋ ಸಂಖ್ಯೆ, ಇಲ್ಲವೇ ಚಿಕ್ಕದು ಮಾಡಿದ ಪವಿತ್ರ ಹೆಸರು. ಯೇಸು, ಕ್ರಿಸ್ತ, ದೇವರು, ಪ್ರಭು ಈ ಪದಗಳ ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಬರೆದು ಮೇಲೆ ಗೆರೆ ಎಳೆಯುತ್ತಿದ್ದರು.

ಶುರುವಿನ ಪದ ಹಿಡಿಯಿರಿ

ಸಮಾಧಿಕಲ್ಲು ಶುರುವಾಗುವ ರೀತಿ ಬೆರಳೆಣಿಕೆಯಷ್ಟು. ‘ಎನ್ಥಾದೆ ಕೇಯ್ತಾಯ್’ ಅಂದರೆ ‘ಇಲ್ಲಿ ಮಲಗಿದ್ದಾರೆ’. ‘ಮ್ನೇಮೇಯೊನ್’ ಅಂದರೆ ಸ್ಮಾರಕ. ‘ಕೊಯ್ಮೇತೇರಿಯೊನ್’ ಅಂದರೆ ಮಲಗುವ ಜಾಗ. ಅಥೆನ್ಸ್ ಸುತ್ತಮುತ್ತ ಇದು ಬಹಳ. ಕೋರಿಕೋಸ್‌ನಲ್ಲಿ ‘ಸೋಮಾತೊಥೇಕೇ’, ಅಂದರೆ ಶವ ಇಡುವ ಪೆಟ್ಟಿಗೆ. ಕೊನೆಯಲ್ಲಿ ‘ಎನ್ ಏರೇನೇ’, ಶಾಂತಿಯಲ್ಲಿ. ಇಲ್ಲವೇ ‘ಮ್ನೇಮೇಸ್ ಖಾರಿನ್’, ನೆನಪಿಗಾಗಿ.

ನಿಘಂಟಿನಲ್ಲಿ ಇರುವ ಹಾಗೇ ಕಲ್ಲಿನಲ್ಲಿ ಇರುತ್ತದೆ ಅಂತ ಕಾಯಬೇಡಿ. ಕೆತ್ತುವವರು ಕಿವಿಗೆ ಕೇಳಿದ ಹಾಗೆ ಬರೆದರು. ಆ ಕಾಲಕ್ಕೆ ಏಯ್ ಎಂಬ ಜೋಡಿ ಸ್ವರ ಈ ಆಗಿತ್ತು, ಆಯ್ ಎಂಬುದು ಎ ಆಗಿತ್ತು. ಹಾಗಾಗಿ ‘ಕೇಯ್ತಾಯ್’ ಬದಲು ‘ಕೀತೆ’ ಅಂತ ಸಿಗುತ್ತದೆ. ಇದನ್ನು ಕೆತ್ತಿದವನ ದಡ್ಡತನ ಅಂತ ತಿಳಿಯಬೇಡಿ. ಮಾತು ಹೇಗಿತ್ತು ಅನ್ನುವುದಕ್ಕೆ ಇಂಥ ‘ತಪ್ಪು’ಗಳೇ ಸಾಕ್ಷಿ.

ರೋಮ್‌ನ ಕಲ್ಲಾದರೆ ಇನ್ನೊಂದು ಚಮತ್ಕಾರಕ್ಕೂ ಸಿದ್ಧರಿರಿ. ಅಕ್ಷರ ಗ್ರೀಕ್, ಭಾಷೆ ಲ್ಯಾಟಿನ್! ಸೆವೇರಾ ಎಂಬ ಮಗಳಿಗೆ ಹಾಕಿಸಿದ ಒಂದು ಕಲ್ಲು ಹಾಗಿದೆ. ಅದರಲ್ಲಿ ‘ಕೋಸೂಲೆ’, ‘ಪಾತೆರ್ನೋ’ ಅಂತೆಲ್ಲ ಬರುತ್ತದೆ. ಗ್ರೀಕ್ ನಿಘಂಟಿನಲ್ಲಿ ಹುಡುಕಿದರೆ ಏನೂ ಸಿಗಲ್ಲ. ಜೋರಾಗಿ ಓದಿದರೆ ಕಾನ್ಸಲ್ ಪಾಟರ್ನಸ್ ಅಂತ ಹೊಳೆಯುತ್ತದೆ. ಕಾನ್ಸಲ್ ಅಂದರೆ ರೋಮ್‌ನ ಉನ್ನತ ಅಧಿಕಾರಿ. ಪ್ರತಿ ವರ್ಷಕ್ಕೆ ಇಬ್ಬರು, ಅವರ ಹೆಸರಿನಿಂದಲೇ ವರ್ಷ ಗುರುತಿಸುತ್ತಿದ್ದರು. ಆ ವರ್ಷದ ಇನ್ನೊಬ್ಬ ಕಾನ್ಸಲ್ ಕ್ಲಾಡಿಯಸ್. ಇಬ್ಬರೂ ಸೇರಿದ ವರ್ಷ 269. ಹೀಗೆ ಭಾಷೆ ಗೊತ್ತಾದ ಕೂಡಲೇ ತಾರೀಖೂ ಸಿಕ್ಕಿತು.

ಹೆಸರು, ಮನೆಯವರು, ಕಸುಬು

ಹೆಸರಿನ ನಂತರ ಬರುವುದು ಸಂಬಂಧ. ಯಾರ ಮಗ, ಯಾರ ಹೆಂಡತಿ, ಕಲ್ಲು ಹಾಕಿಸಿದವರು ಯಾರು. ಕಸುಬಿನ ವಿಷಯಕ್ಕೆ ಕೋರಿಕೋಸ್‌ನಷ್ಟು ಉದಾರವಾದ ಊರು ಇನ್ನೊಂದಿಲ್ಲ. ಅಲ್ಲಿನ ನೂರಾರು ಕ್ರೈಸ್ತ ಸಮಾಧಿಗಳಲ್ಲಿ ಕುಂಬಾರ, ಚಮ್ಮಾರ, ಬ್ರೆಡ್ ಸುಡುವವನು, ನಾರುಬಟ್ಟೆ ವ್ಯಾಪಾರಿ ಅಂತ ಕೆಲಸದ ಹೆಸರು ಬರೆದಿದೆ. ಬಿಷಪ್, ಹುತಾತ್ಮ ಅಂತ ಹುಡುಕುತ್ತಾ ಕೂರುವುದಕ್ಕಿಂತ ಆ ಪಟ್ಟಿಯನ್ನು ಒಂದು ಸಂಜೆ ಓದಿ. ಒಂದು ಪೇಟೆ ಬೀದಿಯೇ ಕಣ್ಣ ಮುಂದೆ ಬರುತ್ತದೆ.

ವಯಸ್ಸು ಮತ್ತು ತಾರೀಖು

‘ಎತೋನ್’ ಅಥವಾ ‘ಎತೇ’ ಎಂಬ ಪದ ಹುಡುಕಿ. ವರ್ಷ ಅಂತ ಅರ್ಥ. ಅದರ ಪಕ್ಕದ ಅಕ್ಷರಗಳು ಸಂಖ್ಯೆ. ಗ್ರೀಕರು ಅಕ್ಷರಕ್ಕೇ ಬೆಲೆ ಕಟ್ಟಿದ್ದರು. ಆಲ್ಫಾ 1, ಬೀಟಾ 2, ಹೀಗೆ ಶುರುವಾಗಿ ಇಯೋಟಾ 10, ಕಾಪ್ಪಾ 20, ಲಾಂಬ್ಡಾ 30, ಮ್ಯೂ 40, ನ್ಯೂ 50. ರೋ ಬಂದರೆ 100, ಸಿಗ್ಮಾ 200, ತೌ 300. 6 ಮತ್ತು 90ಕ್ಕೆ ವರ್ಣಮಾಲೆಯಿಂದ ಬಿಟ್ಟುಹೋದ ಹಳೆಯ ಚಿಹ್ನೆಗಳಿವೆ. ಅವು ಕಲ್ಲಿನಿಂದ ಕಲ್ಲಿಗೆ ರೂಪ ಬದಲಿಸಿ ಕಾಡುತ್ತವೆ. ಪ್ರತಿ ಅಕ್ಷರಕ್ಕೂ ಬೆಲೆ ಖಾಯಂ ಇರುವುದರಿಂದ ಹಿಂದುಮುಂದಾಗಿ ಬರೆದರೂ ಮೊತ್ತ ಬದಲಾಗಲ್ಲ. ಪೂರ್ವದ ಪ್ರಾಂತ್ಯಗಳಲ್ಲಿ ಬಿಡಿಯನ್ನು ಮೊದಲು, ನೂರನ್ನು ಕೊನೆಗೆ ಬರೆಯುವುದೂ ಉಂಟು.

ವಯಸ್ಸು 30, 40, 60 ಅಂತ ಗುಂಡಗೆ ಬಂದರೆ ಪೂರ್ತಿ ನಂಬಬೇಡಿ. ಹುಟ್ಟಿದ ವರ್ಷ ಸರಿಯಾಗಿ ಗೊತ್ತಿಲ್ಲದೆ ಅಂದಾಜಿಗೆ ಬರೆಸಿದವರು ಬಹಳ ಮಂದಿ. ಪುಟ್ಟ ಮಕ್ಕಳ ಕಲ್ಲಿನಲ್ಲಿ ಮಾತ್ರ ತಿಂಗಳು, ದಿನ ಸಮೇತ ಲೆಕ್ಕ ಬರೆದಿರುವುದನ್ನು ಕಾಣಬಹುದು.

ಇನ್ನು ತಾರೀಖು. ಕ್ರಿಸ್ತಶಕ ಅನ್ನುವ ಲೆಕ್ಕ ಆಗ ಬಳಕೆಯಲ್ಲಿರಲಿಲ್ಲ. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಶಕೆ. ನಮ್ಮ ಶಾಸನಗಳಲ್ಲಿ ಶಕವರ್ಷ ಕಂಡರೆ 78 ಕೂಡಿಸುತ್ತೇವಲ್ಲ, ಹಾಗೇ ಇಲ್ಲೂ. ಆದರೆ ಎಷ್ಟು ಕೂಡಿಸಬೇಕು ಅನ್ನುವುದನ್ನು ಊರು ಹೇಳಬೇಕು. ಅದಕ್ಕೇ ಊರನ್ನು ಮೊದಲು ಕೇಳಿ ಅಂದಿದ್ದು.

ಜೊವಾರಾವನ್ನೇ ತೆಗೆದುಕೊಳ್ಳಿ. ಅದು ರೋಮನ್ನರ ಅರೇಬಿಯಾ ಪ್ರಾಂತ್ಯದ ಶಕೆ ಬಳಸುತ್ತಿತ್ತು. ಆ ಶಕೆ ಶುರುವಾದದ್ದು 106ರ ಮಾರ್ಚ್ 22ಕ್ಕೆ. ಕಲ್ಲಿನಲ್ಲಿ ಸಿಗ್ಮಾ, ನ್ಯೂ, ಈಟಾ ಅಂತ ಇದೆ ಅನ್ನಿ. 200, 50, 8. ಒಟ್ಟು 258. ತಿಂಗಳು ಮಾರ್ಚ್ 22ರಿಂದ ಡಿಸೆಂಬರ್ ಒಳಗಿದ್ದರೆ 105 ಕೂಡಿಸಿ, ಅದಕ್ಕಿಂತ ಈಚೆಗಾದರೆ, ಅಂದರೆ ಜನವರಿಯಿಂದ ಮಾರ್ಚ್ 21ರೊಳಗೆ ಬಂದರೆ, 106. ತಿಂಗಳ ಹೆಸರು ಆರ್ತೆಮಿಸಿಯೋಸ್, ದಿನ 28. ಆ ಪ್ರಾಂತ್ಯದಲ್ಲಿ ಆರ್ತೆಮಿಸಿಯೋಸ್ ಶುರುವಾಗುವುದು ಏಪ್ರಿಲ್ 21ಕ್ಕೆ. ಅಲ್ಲಿಂದ 28ನೇ ದಿನ ಮೇ 18. ವರ್ಷ 258ಕ್ಕೆ 105 ಸೇರಿಸಿದರೆ 363. ಇದು ಸುಮ್ನೆ ಲೆಕ್ಕಕ್ಕೆ ಹುಟ್ಟಿಸಿದ ತಾರೀಖಲ್ಲ. 363ರ ಮೇ 18-19ರಂದು ಪ್ಯಾಲೆಸ್ಟೈನ್ ಮತ್ತು ಅರೇಬಿಯಾದ ಊರೂರುಗಳನ್ನು ಕೆಡವಿದ ದೊಡ್ಡ ಭೂಕಂಪ ಆಯಿತು. ಪೆಟ್ರಾ ನಗರ ಹಾಳಾದದ್ದೂ ಆಗಲೇ. ಜೊವಾರಾದಲ್ಲಿ ಈ ದಿನದ ಕಲ್ಲುಗಳು ಸಿಕ್ಕಿವೆ. ಕಲ್ಲಿನ ಮೂರು ಅಕ್ಷರ ಕೂಡಿಸಿದ್ದಕ್ಕೆ ಇಷ್ಟು ಸಿಕ್ಕಿತು.

ಅದೇ ಊರಿನಲ್ಲಿ ಯಹೂದಿಗಳ ಸಮಾಧಿಕಲ್ಲುಗಳೂ ಇವೆ, ಅರಾಮಿಕ್ ಭಾಷೆಯಲ್ಲಿ. ಅವರು ವರ್ಷ ಎಣಿಸಿದ್ದು ಜೆರುಸಲೇಮಿನ ದೇವಾಲಯ ಬಿದ್ದ ಕಾಲದಿಂದ. ಅಕ್ಕಪಕ್ಕ ಬದುಕಿದವರು, ಕ್ಯಾಲೆಂಡರ್ ಮಾತ್ರ ಬೇರೆ.

ಬೇರೆ ಕಡೆಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಫ್ರಿಜಿಯಾದಲ್ಲಿ ರೋಮನ್ ಸೇನಾಪತಿ ಸುಲ್ಲಾನ ಶಕೆ, ಕ್ರಿ.ಪೂ. 85ರಿಂದ ಶುರು, 85 ಅಥವಾ 84 ಕಳೆಯಬೇಕು. ಈಜಿಪ್ಟಿನಲ್ಲಿ ಚಕ್ರವರ್ತಿ ಡಯಕ್ಲೀಶಿಯನ್ ಶಕೆ, 284ರ ಆಗಸ್ಟ್ 29ರಿಂದ. 283 ಅಥವಾ 284 ಕೂಡಿಸಬೇಕು. ‘ಇಂದಿಕ್ತಿಯೋನ್’ ಅಂತ ಒಂದೇ ಇದ್ದು ಬೇರೆ ವರ್ಷ ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಅದು 15 ವರ್ಷಕ್ಕೊಮ್ಮೆ ತಿರುಗಿ ಬರುವ ತೆರಿಗೆ ಚಕ್ರ. ಎಷ್ಟನೇ ಚಕ್ರ ಅಂತ ಬರೆಯುವ ಪದ್ಧತಿ ಇರಲಿಲ್ಲ.

ಕೊನೆಯಲ್ಲಿ 99 ಎಂಬ ಸಂಖ್ಯೆ ಒಂಟಿಯಾಗಿ ಕಂಡರೆ ಅದನ್ನು ವಯಸ್ಸು ಅಂದುಕೊಳ್ಳಬೇಡಿ. ಆಮೆನ್ ಪದದ ನಾಲ್ಕು ಅಕ್ಷರ ಕೂಡಿಸಿದರೆ 1, 40, 8, 50. ಒಟ್ಟು 99. ಹಾಗೆ ಆಮೆನ್ ಬರೆಯುವ ರೂಢಿ ಇತ್ತು.

ಈಗ ಕೇಳಿ: ಇದು ಕ್ರೈಸ್ತರದ್ದೇ?

ಚಿತ್ರ ನೋಡಿ ತೀರ್ಮಾನ ಮಾಡುವುದು ಅಪಾಯ. ಪಾರಿವಾಳ, ದ್ರಾಕ್ಷಿ ಬಳ್ಳಿ, ನವಿಲು, ಕುರಿ ಹೊತ್ತ ಕುರುಬ ಇವೆಲ್ಲ ಎಲ್ಲರೂ ಬಳಸುತ್ತಿದ್ದ ಅಲಂಕಾರ. ಖ ಮತ್ತು ರ ಸೇರಿಸಿದ ಕ್ರಿಸ್ತನ ಮುದ್ರೆ ಕಲ್ಲುಗಳಲ್ಲಿ ಜಾಸ್ತಿಯಾಗುವುದು ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಿಂದ, ಅಂದರೆ 4ನೇ ಶತಮಾನದಲ್ಲಿ. ಅದಕ್ಕಿಂತ ಹಳೆಯ ಕಲ್ಲಿನಲ್ಲಿ ಎದ್ದು ಕಾಣುವ ಶಿಲುಬೆ ಇದ್ದರೆ, ಫೇಬಿಯನ್‌ನ ಕಲ್ಲಿನ ಹಾಗೆ ಆಮೇಲೆ ಸೇರಿಸಿದ್ದೇ ಅಂತ ಮೊದಲು ನೋಡಿ.

‘ಶಾಂತಿಯಲ್ಲಿ ನಿದ್ರೆ’ ಎಂಬ ಮಾತೂ ಸಾಲದು. ರೋಮ್‌ನ ಯಹೂದಿ ಸಮಾಧಿಗಳ ಹೆಚ್ಚಿನ ಬರಹ ಗ್ರೀಕ್‌ನಲ್ಲೇ ಇದೆ, ಅಲ್ಲೂ ಇದೇ ಮಾತು ಬರುತ್ತದೆ. ಏಳು ಕವಲಿನ ದೀಪ ಪಕ್ಕದಲ್ಲಿದ್ದರೆ ಅದು ಯಹೂದಿಗಳದ್ದು.

ಇನ್ನೊಂದು ಕಡೆ, ಅನ್ಯ ದೇವರ ಹೆಸರಿದೆ ಎಂದು ಕಲ್ಲನ್ನು ತಳ್ಳಿಹಾಕುವ ಹಾಗೂ ಇಲ್ಲ. ರೋಮ್‌ನ ಡಯಕ್ಲೀಶಿಯನ್ ಸ್ನಾನಗೃಹದ ಮ್ಯೂಸಿಯಂನಲ್ಲಿ ಲಿಸಿನಿಯಾ ಆಮಿಯಾಸ್ ಎಂಬ ಹೆಂಗಸಿನ ಕಲ್ಲಿದೆ, 3ನೇ ಶತಮಾನದ ಮೊದಲ ಭಾಗದ್ದು. ತುದಿಯಲ್ಲಿ ಡಿ ಮತ್ತು ಎಂ ಎಂಬ ಎರಡು ಲ್ಯಾಟಿನ್ ಅಕ್ಷರ. ಸತ್ತವರ ಆತ್ಮದೇವತೆಗಳಿಗೆ ಅಂತ ರೋಮನ್ನರು ಸಾಮಾನ್ಯವಾಗಿ ಸಮಾಧಿಗೆ ಹಾಕುತ್ತಿದ್ದ ಮಾತು ಅದು. ಅದರ ಕೆಳಗೆ ಗ್ರೀಕ್‌ನಲ್ಲಿ ‘ಇಖ್ಥೂಸ್ ಜೋನ್ತೋನ್’, ಬದುಕಿರುವವರ ಮೀನು. ಅದಕ್ಕೂ ಕೆಳಗೆ ಎರಡು ಮೀನು, ನಡುವೆ ಲಂಗರು. ಇಖ್ಥೂಸ್ ಪದದ ಐದು ಅಕ್ಷರ ಬಿಡಿಸಿದರೆ ಯೇಸು, ಕ್ರಿಸ್ತ, ದೇವರ, ಮಗ, ರಕ್ಷಕ ಎಂಬ ಐದು ಗ್ರೀಕ್ ಪದಗಳ ಮೊದಲಕ್ಷರ ಆಗುತ್ತದೆ. ಒಂದೇ ಕಲ್ಲಿನಲ್ಲಿ ಹಳೆಯ ರೂಢಿ, ಹೊಸ ನಂಬಿಕೆ ಎರಡೂ. ಕಲ್ಲುಕುಟಿಗನ ಅಂಗಡಿಯಲ್ಲಿ ಡಿ ಎಂ ಕೆತ್ತಿಟ್ಟ ಕಲ್ಲು ಸಿದ್ಧವಾಗಿಯೇ ಸಿಗುತ್ತಿತ್ತೇನೋ. ಮನೆಯವರಿಗೆ ಅದು ಅಷ್ಟು ದೊಡ್ಡ ವಿಷಯ ಆಗಿರಲಿಕ್ಕಿಲ್ಲ.

ಫ್ರಿಜಿಯಾದ ಟೆಂಬ್ರಿಸ್ ನದಿಯ ಮೇಲ್ಕಣಿವೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ 3-4ನೇ ಶತಮಾನದಲ್ಲೇ ರೈತ ಕುಟುಂಬಗಳು ‘ಕ್ರೈಸ್ತರು ಕ್ರೈಸ್ತರಿಗೆ’ ಅಂತ ಯಾವ ಮುಚ್ಚುಮರೆ ಇಲ್ಲದೆ ಬರೆಸಿದವು. ಅದೇ ಸೀಮೆಯ ಯೂಮೆನೆಯಾದಲ್ಲಿ ಸಮಾಧಿ ಕೆದಕಿದವನಿಗೆ ಎಚ್ಚರಿಕೆ ಇರುತ್ತದೆ: ‘ಅವನು ದೇವರಿಗೆ ಲೆಕ್ಕ ಕೊಡಬೇಕಾಗುತ್ತದೆ’. ಈ ವಾಕ್ಯ ಕ್ರೈಸ್ತರ ಗುರುತು ಅಂತ ಹೇಳುವ ರೂಢಿ ಇದೆ. ಆದರೆ ಯಹೂದಿಗಳೂ ಬಳಸಿದ್ದಾರೆ. ಹಾಗಾಗಿ ಇನ್ನೊಂದು ಗುರುತು ಸಿಗುವ ತನಕ ‘ಇರಬಹುದು’ ಅಂತ ಬರೆದುಕೊಳ್ಳಿ.

ಇದೆಲ್ಲದಕ್ಕೂ ಪರೀಕ್ಷೆ ಅಂದರೆ ಅಬೆರ್ಕಿಯಸ್ ಶಾಸನ. ಫ್ರಿಜಿಯಾದ ಹೈರೊಪೊಲಿಸ್ ಊರಿನ ಅಬೆರ್ಕಿಯಸ್ 72ನೇ ವಯಸ್ಸಿನಲ್ಲಿ, ಬದುಕಿರುವಾಗಲೇ, ತನ್ನ ಸಮಾಧಿಗೆ 22 ಸಾಲಿನ ಪದ್ಯ ಬರೆಸಿದ. ತಾನು ಪರಿಶುದ್ಧ ಕುರುಬನ ಶಿಷ್ಯ ಅನ್ನುತ್ತಾನೆ. ರೋಮ್ ನೋಡಿದೆ, ಸಿರಿಯಾ ನೋಡಿದೆ, ಯೂಫ್ರೆಟಿಸ್ ದಾಟಿ ನಿಸಿಬಿಸ್‌ಗೂ ಹೋದೆ, ಎಲ್ಲ ಕಡೆ ನಂಬಿಕೆಯು ತನಗೆ ಬುಗ್ಗೆಯ ಮೀನು, ದ್ರಾಕ್ಷಾರಸ, ರೊಟ್ಟಿ ಕೊಟ್ಟಿತು ಅನ್ನುತ್ತಾನೆ. ಸಮಾಧಿಯಲ್ಲಿ ಬೇರೆಯವರನ್ನು ಹೂತರೆ ರೋಮ್ ಖಜಾನೆಗೆ 2000 ಚಿನ್ನದ ನಾಣ್ಯ, ತನ್ನೂರಿಗೆ 1000 ದಂಡ. ಇಷ್ಟೆಲ್ಲ ಹೇಳಿದರೂ ಕ್ರಿಸ್ತ ಎಂಬ ಪದ ಒಂದೇ ಒಂದು ಕಡೆಯೂ ಬರುವುದಿಲ್ಲ. 1894ರಲ್ಲಿ ಜರ್ಮನಿಯ ಗೆರ್‌ಹಾರ್ಡ್ ಫಿಕರ್ ಎಂಬ ವಿದ್ವಾಂಸ ಈತ ಕ್ರೈಸ್ತನೇ ಅಲ್ಲ, ಸಿಬೆಲೆ ದೇವಿಯ ಪೂಜಾರಿ ಎಂದು ವಾದ ಹೂಡಿದ. ಈಗ ಬಹುತೇಕ ಎಲ್ಲರೂ ಕ್ರೈಸ್ತನೆಂದೇ ಒಪ್ಪುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಕುರುಬ, ಮೀನು, ರೊಟ್ಟಿ, ದ್ರಾಕ್ಷಾರಸ, ಪೌಲ ಎಂಬ ಹೆಸರು ಎಲ್ಲ ಒಟ್ಟಿಗೆ ಬಂದಿದೆ ಅಲ್ವಾ? ಒಂದೊಂದನ್ನೇ ಬಿಡಿಯಾಗಿ ಇಟ್ಟರೆ ಯಾವುದೂ ನಿಲ್ಲುವುದಿಲ್ಲ.

ಆ ಶಾಸನದ ಕಾಲ ತಿಳಿದದ್ದು ಬೇರೊಂದು ಕಲ್ಲಿನಿಂದ. ಪುರಾತತ್ವಜ್ಞ ವಿಲಿಯಂ ರ‍್ಯಾಮ್ಸೆಗೆ 1882ರಲ್ಲಿ ಅಲೆಕ್ಸಾಂಡರ್ ಎಂಬವನ ಸಮಾಧಿಕಲ್ಲು ಸಿಕ್ಕಿತು. ಅದು ಅಬೆರ್ಕಿಯಸ್‌ನ ಸಾಲುಗಳನ್ನು ಎತ್ತಿಕೊಂಡು ಹೆಸರು ಬದಲಿಸಿದ ಕಲ್ಲು. ಹೆಸರು ಹಾಕಿದ ಜಾಗದಲ್ಲಿ ಛಂದಸ್ಸು ಕೆಟ್ಟಿದೆ. ಅದರಲ್ಲಿ ವರ್ಷ 300 ಅಂತಿದೆ. ಸುಲ್ಲಾನ ಶಕೆಯಿಂದ 84 ಕಳೆದರೆ 216. ಹಾಗಾದರೆ ಮೂಲ ಅದಕ್ಕಿಂತ ಹಳೆಯದು. ಮರುವರ್ಷ ಅಬೆರ್ಕಿಯಸ್‌ನ ಕಲ್ಲಿನ ತುಂಡುಗಳೇ ಒಂದು ಸ್ನಾನಗೃಹದ ಗೋಡೆಯಲ್ಲಿ ಸಿಕ್ಕವು. ಈಗ ಅವು ವ್ಯಾಟಿಕನ್ ಮ್ಯೂಸಿಯಂನಲ್ಲಿವೆ.

ಫೋಟೋ ಮತ್ತು ಆನ್‌ಲೈನ್ ಹುಡುಕಾಟ

ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಮಾಯ. ಅನುಮತಿ ಇರುವ ಕಡೆ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಕೊರೆದ ಜಾಗಕ್ಕೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಎಡದಿಂದ ಒಂದು, ಮೇಲಿಂದ ಒಂದು ಫೋಟೋ ತೆಗೆಯಿರಿ. ಸೀಮೆಸುಣ್ಣ ತುಂಬುವುದು, ನೀರು ಚಿಮುಕಿಸುವುದು ಬೇಡವೇ ಬೇಡ. ರೋಮ್‌ನ ಕ್ಯಾಟಕೂಂಬ್‌ಗಳ ಒಳಗೆ ಗೈಡ್ ಜೊತೆಗೇ ಹೋಗಬೇಕು, ಫೋಟೋ ತೆಗೆಯುವ ಹಾಗಿಲ್ಲ. ಅಲ್ಲಿಗೆ ಹೋಗುವ ಮೊದಲೇ ಚಿತ್ರ ನೋಡಿಕೊಂಡು ಹೋಗಿ.

ಮನೆಯಲ್ಲಿ ಕೂತು ಓದುವವರಿಗೆ ಪ್ಯಾಕರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್‌ನ ಗ್ರೀಕ್ ಶಾಸನ ಸಂಗ್ರಹ ಉಚಿತವಾಗಿ ಸಿಗುತ್ತದೆ. ರೋಮ್‌ನ ಕ್ರೈಸ್ತ ಶಾಸನಗಳಿಗೆ ಇಟಲಿಯ ಬಾರಿ ವಿಶ್ವವಿದ್ಯಾಲಯದ ಡೇಟಾಬೇಸ್ ಇದೆ. ಅಲ್ಲಿ ಪಠ್ಯ ಓದುವಾಗ ಕಂಸಗಳನ್ನು ಲಕ್ಷ್ಯವಿಟ್ಟು ನೋಡಿ. ದುಂಡು ಕಂಸದೊಳಗಿರುವುದು, ಚಿಕ್ಕದು ಮಾಡಿದ ಪದವನ್ನು ಸಂಪಾದಕರು ಬಿಡಿಸಿ ಬರೆದದ್ದು. ಚೌಕ ಕಂಸದೊಳಗಿರುವುದು ಕಲ್ಲಿನಲ್ಲಿ ಒಡೆದುಹೋಗಿದೆ, ಸಂಪಾದಕರು ಊಹಿಸಿ ತುಂಬಿದ್ದಾರೆ. ಅಕ್ಷರದ ಅಡಿಯಲ್ಲಿ ಚುಕ್ಕಿ ಇದ್ದರೆ ಓದು ಅನುಮಾನ. ಒಂದು ಕಲ್ಲನ್ನು ಕ್ರೈಸ್ತರದ್ದು ಅನ್ನಲು ಇರುವ ಒಂದೇ ಪದ ಪೂರ್ತಿ ಚೌಕ ಕಂಸದೊಳಗೆ ಕೂತಿದ್ದರೆ, ಆ ಆಧಾರವನ್ನು ಬದಿಗಿಡಿ.

ಹೊಸಬರು ಫೇಬಿಯನ್‌ನ ಕಲ್ಲಿನ ಚಿತ್ರದಿಂದ ಶುರು ಮಾಡಿ, ಆಮೇಲೆ ಲಿಸಿನಿಯಾ, ಆಮೇಲೆ ಜೊವಾರಾದ ತಾರೀಖುಗಳು. ಜೊವಾರಾದ ಕಲ್ಲುಗಳಲ್ಲಿ ತಾರೀಖಿನ ನಂತರವೂ ಕೆಲವೊಮ್ಮೆ ಒಂದು ಮಾತು ಉಳಿದಿರುತ್ತದೆ, ‘ಥಾರ್ಸಿ, ಊದಿಸ್ ಆಥಾನಾತೋಸ್’. ಧೈರ್ಯ ತಗೋ, ಸಾಯದವರು ಯಾರೂ ಇಲ್ಲ ಅಂತ. ಇದು ಕ್ರೈಸ್ತರಲ್ಲದವರ ಸಮಾಧಿಗಳಲ್ಲೂ ಬರುವ ಮಾತು. ಧರ್ಮ ಗುರುತಿಸುವ ಪಟ್ಟಿಗೆ ಇದನ್ನು ಸೇರಿಸಿಕೊಳ್ಳಬೇಡಿ.